ಕದ್ದ ಪ್ರತಿಯಲ್ಲಿ ಆನ್‌ಲೈನ್ ಸರ್ವೈವಲ್ ಆಟ: ಅಪಾಯ ಎಲ್ಲಿದೆ, ಬದಲಿಗೆ ಏನು ಆಡಬಹುದು

ಕೈಯಲ್ಲೊಂದು ಕಲ್ಲು ಹಿಡಿದು ಅಪರಿಚಿತ ಕಡಲತೀರದಲ್ಲಿ ಕಣ್ಣು ಬಿಡುವುದು, ಮರ ಕಡಿದು ಗೂಡು ಕಟ್ಟಿಕೊಳ್ಳುವುದು, ಹಸಿವು, ಚಳಿ, ಕಾಡುಪ್ರಾಣಿಗಳಿಂದಲೂ ಅವೆಲ್ಲಕ್ಕಿಂತ ಹೆಚ್ಚಾಗಿ ಇತರ ಆಟಗಾರರಿಂದಲೂ ಜೀವ ಉಳಿಸಿಕೊಳ್ಳುವುದು: ರಸ್ಟ್, ಆರ್ಕ್, ಮೈನ್‌ಕ್ರಾಫ್ಟ್, ವಾಲ್‌ಹೈಮ್‌ನಂಥ ಸರ್ವೈವಲ್ ಆಟಗಳ ಸೆಳೆತ ಇರುವುದು ಇಲ್ಲಿಯೇ. ಹಾಸ್ಟೆಲಿನಲ್ಲಿ ನಾಲ್ವರು ಗೆಳೆಯರು ಸೇರಿ ಇಂಥದೊಂದು ಆಟ ಆಡೋಣ ಎಂದುಕೊಂಡಾಗ ನಾಲ್ಕು ಪ್ರತಿಗಳನ್ನು ಕೊಳ್ಳಬೇಕೆಂಬ ಲೆಕ್ಕ ಮೊದಲು ಎದುರಾಗುತ್ತದೆ, ಆ ಲೆಕ್ಕದಿಂದ ತಪ್ಪಿಸಿಕೊಳ್ಳಲು ಯಾರೋ ಒಬ್ಬರು ಕ್ರ್ಯಾಕ್ ಮಾಡಿದ, ಅಂದರೆ ರಕ್ಷಣೆಯನ್ನು ಮುರಿದು ಕೊಳ್ಳದೆಯೇ ಆಡುವಂತೆ ಮಾಡಿದ, ಪ್ರತಿಯ ಕೊಂಡಿಯನ್ನು ಗುಂಪಿಗೆ ಹಾಕುತ್ತಾರೆ. ಆ ಕೊಂಡಿಯನ್ನು ಒತ್ತುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನೂ, ಒತ್ತಿ ಆಗಿದ್ದರೆ ಮಾಡಬೇಕಾದ ಕೆಲಸಗಳನ್ನೂ, ಅದರ ಬದಲಿಗೆ ಹಿಡಿಯಬಹುದಾದ ದಾರಿಗಳನ್ನೂ ಇಲ್ಲಿ ವಿವರಿಸಿದ್ದೇನೆ.

ಆನ್‌ಲೈನ್ ಆಟದ ಕ್ರ್ಯಾಕ್ ಏಕೆ ಬೇರೆ

ಒಬ್ಬರೇ ಕುಳಿತು ಆಡುವ ಆಟದ ಜಗತ್ತು ಪೂರ್ತಿಯಾಗಿ ನಿಮ್ಮ ಕಂಪ್ಯೂಟರಿನಲ್ಲಿಯೇ ಇರುತ್ತದೆ. ಆನ್‌ಲೈನ್ ಸರ್ವೈವಲ್ ಆಟದಲ್ಲಿ ಹಾಗಲ್ಲ. ಅಲ್ಲಿನ ನೆಲ, ನೀವು ಕಟ್ಟಿದ ಕೋಟೆ, ಪಕ್ಕದ ಗುಡ್ಡದಲ್ಲಿ ಹೊಂಚು ಹಾಕಿರುವ ಶತ್ರು, ಎಲ್ಲವೂ ಸರ್ವರ್ ಒಂದರಲ್ಲಿ ಇರುತ್ತವೆ, ನಿಮ್ಮ ಕಂಪ್ಯೂಟರಿನಲ್ಲಿರುವುದು ಆ ಜಗತ್ತನ್ನು ನೋಡುವ ಕಿಟಕಿ ಮಾತ್ರ. ಕ್ರ್ಯಾಕ್ ಮಾಡುವವರಿಂದ ಕಿಟಕಿಯನ್ನು ಕದಿಯಲು ಸಾಧ್ಯವೇ ಹೊರತು ಅದರಾಚೆಯ ಜಗತ್ತನ್ನಲ್ಲ.

ರಸ್ಟ್ ಆಟವನ್ನೇ ನೋಡೋಣ. ಬ್ರಿಟನ್ನಿನ ಫೇಸ್‌ಪಂಚ್ ಸ್ಟುಡಿಯೋಸ್ ಇದನ್ನು 2013ರ ಡಿಸೆಂಬರಿನಲ್ಲಿ ಅರ್ಲಿ ಆಕ್ಸೆಸ್ (ಇನ್ನೂ ಪೂರ್ತಿಯಾಗದ ಆಟವನ್ನೇ ಮಾರುವ) ರೂಪದಲ್ಲಿಯೂ 2018ರ ಫೆಬ್ರವರಿಯಲ್ಲಿ ಪೂರ್ಣ ಆಟವಾಗಿಯೂ ಬಿಡುಗಡೆ ಮಾಡಿತು. ಪ್ರತಿ ತಿಂಗಳ ಮೊದಲ ಗುರುವಾರ ದೊಡ್ಡ ಅಪ್‌ಡೇಟ್ ಬರುತ್ತದೆ. ಅಂದು ಸರ್ವರ್‌ಗಳ ನಕ್ಷೆಗಳು ಅಳಿಸಿಹೋಗಿ ಎಲ್ಲರೂ ಮತ್ತೆ ಕಲ್ಲು ಹಿಡಿದು ಮೊದಲಿನಿಂದ ಶುರುಮಾಡುತ್ತಾರೆ. ಆಟಗಾರರು ವೈಪ್ ಎಂದು ಕರೆಯುವ ಈ ದಿನವೇ ರಸ್ಟ್ ಪ್ರಿಯರಿಗೆ ಹಬ್ಬ. ಸರ್ವರ್ ಮತ್ತು ಆಟಗಾರನ ಪ್ರತಿ ಒಂದೇ ಆವೃತ್ತಿಯಲ್ಲಿ ಇರಬೇಕಾದ್ದರಿಂದ ಕ್ರ್ಯಾಕ್ ಮಾಡಿದ ಪ್ರತಿ ಅಂದೇ ಹಳತಾಗುತ್ತದೆ, ಪ್ರತಿ ತಿಂಗಳೂ ಅದೇ ಅಪರಿಚಿತ ಜಾಗದಿಂದ ಹೊಸ ಕಡತ ತಂದು ಚಲಾಯಿಸಬೇಕಾಗುತ್ತದೆ. ಅಂದರೆ ಅಪಾಯವನ್ನು ಒಮ್ಮೆಯಲ್ಲ, ವರ್ಷಕ್ಕೆ ಹನ್ನೆರಡು ಬಾರಿ ಮನೆಯೊಳಗೆ ಕರೆದಂತಾಗುತ್ತದೆ.

ಅಷ್ಟು ಮಾಡಿದರೂ ಅಧಿಕೃತ ಸರ್ವರ್‌ಗಳ ಬಾಗಿಲು ತೆರೆಯುವುದಿಲ್ಲ, ಏಕೆಂದರೆ ಅಲ್ಲಿ ಈಸಿ ಆಂಟಿ ಚೀಟ್ ಎಂಬ ಕಾವಲು ತಂತ್ರಾಂಶ ಆಟದ ಕಡತಗಳು ತಿದ್ದುಪಡಿ ಆಗಿವೆಯೇ ಎಂದು ಪರೀಕ್ಷಿಸುತ್ತದೆ. ಉಳಿಯುವುದು ಕ್ರ್ಯಾಕ್ ಪ್ರತಿಗಳಿಗೆಂದೇ ಯಾರೋ ನಡೆಸುವ, ಆ ಕಾವಲನ್ನು ತೆಗೆದುಹಾಕಿದ ಸರ್ವರ್‌ಗಳು. ಗೋಡೆಯಾಚೆಗೂ ಕಾಣುವಂತೆ, ಗುರಿ ಇಡದೆಯೂ ಗುಂಡು ತಾಗುವಂತೆ ಮೋಸದ ತಂತ್ರಾಂಶ ಹಾಕಿಕೊಂಡವರನ್ನು ತಡೆಯುವ ವ್ಯವಸ್ಥೆ ಅಲ್ಲಿ ಇಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಕಟ್ಟಿದ ಕೋಟೆ ಬೆಳಗಾಗುವುದರೊಳಗೆ ನೆಲಸಮವಾದಾಗ ಸೋತದ್ದು ಆಟದಲ್ಲೋ ಮೋಸಕ್ಕೋ ಎಂಬುದೂ ತಿಳಿಯುವುದಿಲ್ಲ. ಸರ್ವೈವಲ್ ಆಟದ ಜೀವಾಳವೇ ಅಲ್ಲಿ ಹೋಗಿರುತ್ತದೆ.

ಇನ್ನೊಂದು ಬಗೆಯ ಕ್ರ್ಯಾಕ್ ಇದೆ. ಗೆಳೆಯರು ಮಾತ್ರ ಸೇರಿ ಆಡುವ ಆಟಗಳಿಗೆ ಇದನ್ನು ಬಳಸುತ್ತಾರೆ. ಆಟಗಳನ್ನು ಆನ್‌ಲೈನಿನಲ್ಲಿ ಮಾರುವ ಸ್ಟೀಮ್ ವೇದಿಕೆಯನ್ನು ನಡೆಸುವ ವಾಲ್ವ್ ಕಂಪನಿ ಆಟ ಬರೆಯುವವರ ಅಭ್ಯಾಸಕ್ಕೆಂದು ಸ್ಪೇಸ್‌ವಾರ್ ಎಂಬ ಮಾದರಿ ಆಟವೊಂದನ್ನು ಇಟ್ಟಿದೆ, ಅದರ ಸಂಖ್ಯೆ 480. ಈ ಬಗೆಯ ಕ್ರ್ಯಾಕ್ ನಿಮ್ಮ ಆಟವನ್ನು ಸ್ಪೇಸ್‌ವಾರ್ ಎಂದು ಸ್ಟೀಮ್‌ಗೆ ನಂಬಿಸಿ, ಸ್ಟೀಮ್‌ನ ಜಾಲದ ಮೂಲಕವೇ ಗೆಳೆಯರನ್ನು ಜೋಡಿಸುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ಈ ಕೆಲಸಕ್ಕೆ ನೀವು ನಿಮ್ಮ ನಿಜವಾದ ಸ್ಟೀಮ್ ಖಾತೆಯಿಂದಲೇ ಲಾಗಿನ್ ಆಗಿರಬೇಕು. ಯಾರು ಬರೆದರೆಂದು ಗೊತ್ತಿಲ್ಲದ ಕಡತವೊಂದು, ನೀವು ದುಡ್ಡು ಕೊಟ್ಟು ಕೊಂಡ ಆಟಗಳೆಲ್ಲ ಇರುವ ಖಾತೆಯ ಪಕ್ಕದಲ್ಲಿಯೇ ಕುಳಿತು ಓಡುತ್ತಿರುತ್ತದೆ. ಮಕ್ಕಳ ಸ್ಟೀಮ್ ಪುಟದಲ್ಲಿ ಸ್ಪೇಸ್‌ವಾರ್ ಆಡುತ್ತಿರುವುದಾಗಿ ಗಂಟೆಗಟ್ಟಲೆ ಕಾಣಿಸಿದರೆ ಪೋಷಕರು ಗದರುವ ಮೊದಲು ಕೂರಿಸಿಕೊಂಡು ಕೇಳಬೇಕಾದ ಮಾತು ಇದೆ.

ಮೈನ್‌ಕ್ರಾಫ್ಟ್‌ನ ಕದ್ದ ಪ್ರತಿಗಳಿಗಾಗಿ ನಡೆಯುವ ಸರ್ವರ್‌ಗಳು ಆಫ್‌ಲೈನ್ ಮೋಡ್‌ನಲ್ಲಿ ಇರುತ್ತವೆ. ಬಂದವರು ಯಾರು ಎಂದು ಅಧಿಕೃತ ವ್ಯವಸ್ಥೆಯನ್ನು ಕೇಳದ ಕಾರಣ ನಿಮ್ಮ ಹೆಸರನ್ನು ಟೈಪ್ ಮಾಡಿ ಯಾರು ಬೇಕಾದರೂ ಒಳಬರಬಹುದು. ಅದನ್ನು ತಡೆಯಲು ಸರ್ವರ್ ನಿಮ್ಮಿಂದ ಚಾಟ್ ಪೆಟ್ಟಿಗೆಯಲ್ಲಿಯೇ ಒಂದು ಪಾಸ್‌ವರ್ಡ್ ಕೇಳುತ್ತದೆ. ಹನ್ನೆರಡು ವರ್ಷದ ಹುಡುಗ ಅಲ್ಲಿ ಯಾವ ಪಾಸ್‌ವರ್ಡ್ ಹಾಕುತ್ತಾನೆ? ತನಗೆ ನೆನಪಿರುವ ಒಂದೇ ಒಂದನ್ನು, ಅಂದರೆ ಇಮೇಲ್‌ಗೂ ಇನ್‌ಸ್ಟಾಗ್ರಾಮ್‌ಗೂ ಇಟ್ಟಿರುವುದನ್ನೇ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಅದನ್ನು ಓದಿಕೊಳ್ಳಬಹುದು.

ಹಳೆಯ ಆವೃತ್ತಿಯಲ್ಲೇ ಉಳಿಯುವುದರ ಅಪಾಯಕ್ಕೂ ಮೈನ್‌ಕ್ರಾಫ್ಟ್ ಒಳ್ಳೆಯ ಉದಾಹರಣೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಶೆಲ್ ಎಂಬ ದೋಷ ಬಯಲಾದಾಗ, ಅದರ ಜಾವಾ ಆವೃತ್ತಿಯ ಚಾಟ್‌ನಲ್ಲಿ ಯಾರೋ ಒಂದು ಸಾಲು ಬರೆದರೆ ಸಾಕು, ಇನ್ನೊಬ್ಬರ ಕಂಪ್ಯೂಟರಿನಲ್ಲಿ ತಮಗೆ ಬೇಕಾದ ಆದೇಶ ನಡೆಸಬಹುದಾಗಿತ್ತು. ಅಧಿಕೃತ ಲಾಂಚರ್ (ಆಟವನ್ನು ತೆರೆಯುವ ತಂತ್ರಾಂಶ) ಬಳಸುವವರಿಗೆ ಪರಿಹಾರ ತಾನಾಗಿಯೇ ತಲುಪಿತು. ಹೊರಗಿನ ಲಾಂಚರ್‌ಗಳಿಗೆ ಅದು ತಾನಾಗಿ ತಲುಪದೆ ಹೋಗಬಹುದು ಎಂದು ಮೈನ್‌ಕ್ರಾಫ್ಟ್ ಮಾಡಿದ ಮೋಜಾಂಗ್ ಆಗಲೇ ಎಚ್ಚರಿಸಿತ್ತು.

ಕಡತದ ಜೊತೆ ಏನು ಒಳಬರುತ್ತದೆ

ಪ್ರತಿಯೊಂದು ಕ್ರ್ಯಾಕ್‌ನಲ್ಲಿಯೂ ಕುತಂತ್ರಾಂಶ ಇರುತ್ತದೆ ಎಂದು ನಾನು ಹೇಳುವುದಿಲ್ಲ, ಅದು ನಿಜವಲ್ಲ. ಆದರೆ ಇದೆಯೋ ಇಲ್ಲವೋ ಎಂದು ತಿಳಿಯುವ ದಾರಿಗಳನ್ನೆಲ್ಲ ಕ್ರ್ಯಾಕ್ ಮೊದಲೇ ಮುಚ್ಚಿಸಿಬಿಡುತ್ತದೆ ಎಂಬುದು ನಿಜ. ಆಟದ ರಕ್ಷಣೆಯನ್ನು ಮುರಿಯುವ ಕಡತವನ್ನು ಆಂಟಿವೈರಸ್ ಹೇಗೂ ಅನುಮಾನಿಸುತ್ತದೆ, ಆದ್ದರಿಂದ ಅದನ್ನು ನಿಲ್ಲಿಸಿ ಎಂಬುದು ಅಲ್ಲಿನ ಮೊದಲ ಸೂಚನೆ. ನಿಜವಾದ ಕುತಂತ್ರಾಂಶ ಸಿಕ್ಕಾಗಲೂ ಆಂಟಿವೈರಸ್ ಅದೇ ಎಚ್ಚರಿಕೆ ಕೊಡುತ್ತದೆ, ಬಳಸುವವರು ಅದೇ ಉತ್ತರ ಹೇಳಿಕೊಂಡು ಮುಂದೆ ಹೋಗುತ್ತಾರೆ.

ಆಂಟಿವೈರಸ್ ತಯಾರಿಸುವ ಅವಾಸ್ಟ್ ಸಂಸ್ಥೆ 2021ರ ಜೂನಿನಲ್ಲಿ ವಿವರಿಸಿದ ಕ್ರ್ಯಾಕೊನೋಶ್ ಎಂಬ ಕುತಂತ್ರಾಂಶ ಇದಕ್ಕೆ ಸಾಕ್ಷಿ. ಜನಪ್ರಿಯ ಆಟಗಳ ಕ್ರ್ಯಾಕ್ ಪ್ರತಿಗಳಲ್ಲಿ ಅಡಗಿ ಬರುತ್ತಿದ್ದ ಅದು ಕಂಪ್ಯೂಟರನ್ನು ಸೇಫ್ ಮೋಡ್‌ಗೆ ಒಯ್ದು, ಅಲ್ಲಿ ಆಂಟಿವೈರಸ್ಸನ್ನು ಅಳಿಸಿ, ವಿಂಡೋಸ್ ಅಪ್‌ಡೇಟನ್ನೂ ನಿಲ್ಲಿಸಿ, ನಂತರ ಮೊನೆರೋ ಎಂಬ ಕ್ರಿಪ್ಟೋ ನಾಣ್ಯವನ್ನು ಗಣಿಗಾರಿಕೆ ಮಾಡುತ್ತಿತ್ತು, ಅಂದರೆ ನಿಮ್ಮ ಯಂತ್ರದ ಶಕ್ತಿಯನ್ನು ಬಳಸಿ ದಾಳಿಕೋರರಿಗೆ ನಾಣ್ಯ ಗಳಿಸಿಕೊಡುತ್ತಿತ್ತು. ಜಗತ್ತಿನಾದ್ಯಂತ 2,22,000ಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಅದು ತಗುಲಿತ್ತು. 2024ರ ಡಿಸೆಂಬರ್ 31ರಂದು ಶುರುವಾದ ಇನ್ನೊಂದು ದಾಳಿಯನ್ನು ಮತ್ತೊಂದು ಆಂಟಿವೈರಸ್ ಸಂಸ್ಥೆಯಾದ ಕ್ಯಾಸ್ಪರ್‌ಸ್ಕಿ ಪತ್ತೆಹಚ್ಚಿತು. ರಸ್ಟ್ ಮಾಡಿದ ಫೇಸ್‌ಪಂಚ್‌ನದೇ ಆದ ಗ್ಯಾರಿಸ್ ಮಾಡ್ ಸೇರಿದಂತೆ ಕೆಲವು ಆಟಗಳ ರೀಪ್ಯಾಕ್‌ಗಳಲ್ಲಿ (ಕುಗ್ಗಿಸಿ ಮತ್ತೆ ಕಟ್ಟಿದ ಪ್ರತಿಗಳಲ್ಲಿ) ಗಣಿಗಾರಿಕೆಯ ತಂತ್ರಾಂಶವನ್ನು ಹುದುಗಿಸಿ ಟೊರೆಂಟ್ ತಾಣಗಳಿಗೆ ಬಹಳ ಮುಂಚೆಯೇ ಹಾಕಿಡಲಾಗಿತ್ತು. ಪ್ರೊಸೆಸರ್‌ನಲ್ಲಿ ಕನಿಷ್ಠ ಎಂಟು ಕೋರ್‌ಗಳಿದ್ದರೆ ಮಾತ್ರ ಆ ಗಣಿಗಾರಿಕೆ ಶುರುವಾಗುತ್ತಿತ್ತು. ಆಟಗಾರರ ಬಳಿಯೇ ಬಲಿಷ್ಠ ಯಂತ್ರ ಇರುತ್ತದೆ ಎಂಬುದು ದಾಳಿಕೋರರಿಗೆ ಚೆನ್ನಾಗಿ ಗೊತ್ತು.

ಪರಿಚಯದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಒಮ್ಮೆ ತನ್ನ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. ಯಾವ ಪ್ರೋಗ್ರಾಮೂ ತೆರೆದಿರಲಿಲ್ಲ, ಆದರೂ ಫ್ಯಾನ್ ಮಿಕ್ಸರ್ ತಿರುಗಿದ ಹಾಗೆ ಕೂಗುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಸದ್ದು ಅಡಗಿತು, ಮುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಏರಿತು. ತನ್ನನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಗಮನಿಸಿ ಸುಮ್ಮನಾಗುವುದು ಇಂಥ ತಂತ್ರಾಂಶಗಳ ಅಭ್ಯಾಸ. ವಿಂಡೋಸ್ ಸೆಕ್ಯುರಿಟಿಯಲ್ಲಿ, ಆಂಟಿವೈರಸ್ ಪರೀಕ್ಷಿಸಬಾರದ ಜಾಗಗಳ ಪಟ್ಟಿಯನ್ನು ತೆರೆದು ನೋಡಿದಾಗ ಒಂದೇ ಒಂದು ನಮೂದು ಇತ್ತು: ಇಡೀ ಸಿ ಡ್ರೈವ್. ಅದನ್ನು ತಾನು ಸೇರಿಸಿಲ್ಲ ಎಂದು ಹುಡುಗ ಹೇಳಿದ, ಅವನ ಮಾತು ನಿಜವೇ ಇದ್ದೀತು. ಆಟ ಇನ್‌ಸ್ಟಾಲ್ ಮಾಡುವಾಗ ಅಡ್ಮಿನಿಸ್ಟ್ರೇಟರ್ ಅನುಮತಿಗೆ ಹೌದು ಎಂದು ಒತ್ತಿದ್ದು ಮಾತ್ರ ಅವನೇ.

ಗಣಿಗಾರಿಕೆಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಮಾಹಿತಿ ಕದಿಯುವ ರೆಡ್‌ಲೈನ್, ವಿಡಾರ್, ಲುಮ್ಮಾದಂಥ ತಂತ್ರಾಂಶಗಳು. ಇವು ಗದ್ದಲ ಮಾಡುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಕಾರ್ಡ್ ವಿವರಗಳು, ನೀವು ಲಾಗಿನ್ ಆಗಿರುವುದನ್ನು ನೆನಪಿಡುವ ಕುಕೀಗಳು, ಆಟಗಾರರು ಹರಟುವ ಡಿಸ್ಕಾರ್ಡ್‌ನ ಅಂಥದೇ ಟೋಕನ್ ಇವನ್ನೆಲ್ಲ ಕೆಲವೇ ನಿಮಿಷಗಳಲ್ಲಿ ಗಂಟುಕಟ್ಟಿ ಕಳುಹಿಸಿ, ಅನೇಕ ಸಲ ತಮ್ಮನ್ನೇ ಅಳಿಸಿಕೊಂಡುಬಿಡುತ್ತವೆ. ಕುಕೀ ಕಳವಾದರೆ ಓಟಿಪಿ ರಕ್ಷಣೆಯೂ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಕಳ್ಳನಿಗೆ ಹೊಸದಾಗಿ ಲಾಗಿನ್ ಆಗಬೇಕಾದ ಅಗತ್ಯವೇ ಇರುವುದಿಲ್ಲ.

ಕೆಲವು ಗುರುತುಗಳನ್ನು ನೆನಪಿನಲ್ಲಿಡಿ. ಪಾಸ್‌ವರ್ಡ್ ಹಾಕಿದ ಜಿಪ್ ಕಡತ ಕೊಟ್ಟು ಪಾಸ್‌ವರ್ಡನ್ನು ಪಕ್ಕದಲ್ಲೇ ಬರೆದಿದ್ದರೆ, ಅದು ತೆರೆಯುವ ಮುನ್ನ ಯಾವ ಸ್ಕ್ಯಾನರ್ರೂ ಒಳಗೆ ಇಣುಕದಿರಲಿ ಎಂಬ ಉದ್ದೇಶದಿಂದ. ವಿಡಿಯೋದ ವಿವರಣೆಯಲ್ಲಿರುವ ಕೊಂಡಿ, ಒಂದರಿಂದ ಇನ್ನೊಂದಕ್ಕೆ ಹಾರಿಸುವ ಪುಟಗಳು, ಆಟವೆಂದು ಹೇಳಿ ಬೇರೇನೋ ಇನ್‌ಸ್ಟಾಲರ್ ಇಳಿಸುವ ಗುಂಡಿಗಳು, ಇವೆಲ್ಲವೂ ಅಲ್ಲಿಂದ ಎದ್ದು ಬರಲು ಸಾಕಷ್ಟು ಕಾರಣಗಳು. ಮೊಬೈಲಿನಲ್ಲಿ ಮಾಡ್ ಎಪಿಕೆ (ಯಾರೋ ತಿದ್ದಿದ ಆ್ಯಪ್ ಕಡತ) ಎಂದು ಸಿಗುವ ಆಟವು ಆಕ್ಸೆಸಿಬಿಲಿಟಿ ಅನುಮತಿಯನ್ನೋ ಎಸ್‌ಎಂಎಸ್ ಓದುವ ಅನುಮತಿಯನ್ನೋ ಕೇಳಿದರೆ ಕೂಡಲೇ ತೆಗೆದುಹಾಕಿ. ಮರ ಕಡಿಯುವ ಆಟಕ್ಕೆ ನಿಮ್ಮ ಬ್ಯಾಂಕಿನ ಸಂದೇಶ ಓದುವ ಅಗತ್ಯ ಇಲ್ಲ.

ಆಟ ಮಾಡಿದವರಿಗೆ ತಗಲುವ ಪೆಟ್ಟು ಬೆಲೆ ಸಿಗದಿರುವುದಷ್ಟೇ ಅಲ್ಲ. ಪ್ರಾಜೆಕ್ಟ್ ಝಾಂಬಾಯ್ಡ್ ಎಂಬ ಸರ್ವೈವಲ್ ಆಟವನ್ನು ಮಾಡಿದ ದಿ ಇಂಡೀ ಸ್ಟೋನ್ ಆಗ ಬೆರಳೆಣಿಕೆಯ ಜನರ ತಂಡವಾಗಿತ್ತು. 2011ರಲ್ಲಿ ಅವರ ಆಟದ ಕದ್ದ ಪ್ರತಿಯೊಂದು ಅಪ್‌ಡೇಟ್ ಗುಂಡಿಯ ಸಮೇತ ಹರಡಿತು. ಆ ಗುಂಡಿಯನ್ನು ಒತ್ತಿದಾಗಲೆಲ್ಲ ಆಟದ ಕಡತ ತಂಡದವರೇ ಬಾಡಿಗೆ ಕಟ್ಟುವ ಸರ್ವರ್‌ನಿಂದ ಇಳಿಯುತ್ತಿತ್ತು. ಒಂದು ಕಾಸೂ ಕೊಡದವರ ಡೌನ್‌ಲೋಡ್‌ಗೂ ಅವರೇ ದುಡ್ಡು ಕಟ್ಟಬೇಕಾಗಿ ಬಂದು, ಕೊಂಡವರಿಗೂ ಸಿಗದಂತೆ ಆಟವನ್ನು ಸ್ವಲ್ಪ ಕಾಲ ಕೆಳಗಿಳಿಸಬೇಕಾಯಿತು.

ಕಾನೂನು

ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ, ಕಂಪ್ಯೂಟರ್ ಪ್ರೋಗ್ರಾಮಿನ ಅಕ್ರಮ ಪ್ರತಿ ಎಂದು ತಿಳಿದೂ ಅದನ್ನು ಬಳಸುವುದು ಅಪರಾಧ. ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲದಿದ್ದರೆ ನ್ಯಾಯಾಲಯವು ಸೆರೆವಾಸ ವಿಧಿಸದೆ 50,000ದವರೆಗಿನ ದಂಡಕ್ಕೆ ಸೀಮಿತಗೊಳಿಸಲು ಅವಕಾಶ ಇದೆ. ಕದ್ದ ಪ್ರತಿಗಳನ್ನು ಹಾಕಿ ಗಂಟೆಯ ಲೆಕ್ಕದಲ್ಲಿ ದುಡ್ಡು ಪಡೆಯುವ ಗೇಮಿಂಗ್ ಕೆಫೆಗಳು ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಈಗಾಗಲೇ ಹಾಕಿಕೊಂಡಿದ್ದರೆ

ಗಾಬರಿಪಡಬೇಡಿ, ಆದರೆ ತಡವನ್ನೂ ಮಾಡಬೇಡಿ. ಮೊದಲು ಆ ಕಂಪ್ಯೂಟರಿನ ಇಂಟರ್ನೆಟ್ ಸಂಪರ್ಕ ತೆಗೆಯಿರಿ. ಪಾಸ್‌ವರ್ಡ್‌ಗಳನ್ನು ಅದೇ ಕಂಪ್ಯೂಟರಿನಲ್ಲಿ ಕುಳಿತು ಬದಲಿಸುವುದು ಬಹುತೇಕರು ಮಾಡುವ ತಪ್ಪು. ಹೊಸ ಪಾಸ್‌ವರ್ಡನ್ನೂ ಕಳ್ಳನ ಕೈಗೆ ಕೊಟ್ಟಂತಾಗುತ್ತದೆ. ಮೊಬೈಲಿನಿಂದಲೋ ಬೇರೆ ಯಂತ್ರದಿಂದಲೋ ಮೊದಲು ಇಮೇಲ್, ನಂತರ ಬ್ಯಾಂಕ್, ಆಮೇಲೆ ಸ್ಟೀಮ್, ಡಿಸ್ಕಾರ್ಡ್, ಸಾಮಾಜಿಕ ಜಾಲತಾಣಗಳು, ಈ ಕ್ರಮದಲ್ಲಿ ಬದಲಿಸಿ. ಇಮೇಲ್ ಮೊದಲು ಏಕೆಂದರೆ ಉಳಿದೆಲ್ಲ ಖಾತೆಗಳ ಬೀಗದ ಕೈ ಅಲ್ಲಿಗೇ ಬರುತ್ತದೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡುವ ಆಯ್ಕೆಯನ್ನು ಪ್ರತಿ ಖಾತೆಯಲ್ಲಿಯೂ ತಪ್ಪದೆ ಒತ್ತಬೇಕು, ಕದ್ದ ಕುಕೀಗಳು ನಿರರ್ಥಕವಾಗುವುದು ಆಗಲೇ. ಸ್ಟೀಮ್‌ನಲ್ಲಿ ನೀವು ಮಾಡಿಕೊಳ್ಳದ ವೆಬ್ ಎಪಿಐ ಕೀ (ಹೊರಗಿನ ತಂತ್ರಾಂಶಗಳು ನಿಮ್ಮ ಖಾತೆಯ ಮಾಹಿತಿ ಪಡೆಯಲು ಬಳಸುವ ಸಂಕೇತ) ಇದ್ದರೆ ರದ್ದುಮಾಡಿ. ಅದು ಉಳಿದಿದ್ದರೆ ನಿಮ್ಮ ವಸ್ತುಗಳ ವಿನಿಮಯದ ಮೇಲೆ ಕಣ್ಣಿಡುವುದು ಕಳ್ಳನಿಗೆ ಸಾಧ್ಯ.

ಇನ್ನು ಕಂಪ್ಯೂಟರ್. ಕ್ರ್ಯಾಕ್ ಆಟವನ್ನು ಅಳಿಸಿದರೆ ಅದರೊಡನೆ ಬಂದದ್ದೂ ಹೋಯಿತು ಎಂದು ನಂಬಬೇಡಿ. ವಿಂಡೋಸ್ ಸೆಕ್ಯುರಿಟಿಯ ಎಕ್ಸ್‌ಕ್ಲೂಷನ್ಸ್ (ಪರೀಕ್ಷಿಸಬಾರದ ಜಾಗಗಳ) ಪಟ್ಟಿಯನ್ನು ಖಾಲಿ ಮಾಡಿ, ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆಯೇ ನೋಡಿ, ನಂತರ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮಾಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಎಚ್ಚರಗೊಳ್ಳುವ ಮೊದಲೇ ಅದು ಹುಡುಕುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಇಂಥ ಸ್ವಚ್ಛತೆಯ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಆದರೆ ಆ ಇನ್‌ಸ್ಟಾಲರ್‌ಗೆ ಅಡ್ಮಿನಿಸ್ಟ್ರೇಟರ್ ಅನುಮತಿ ಕೊಟ್ಟಿದ್ದರೆ, ಫೋಟೋ ಮತ್ತು ದಾಖಲೆಗಳನ್ನು ಮಾತ್ರ ಬೇರೆಡೆ ಉಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಭಾನುವಾರ ಹೋಗುತ್ತದೆ, ಹೋಗಲಿ.

ಹಣ ಹೋಗಿದ್ದರೆ ಬೇರೇನನ್ನೂ ಮಾಡುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಕರ್ನಾಟಕದ ಜಿಲ್ಲೆಗಳಲ್ಲಿ ಇಂಥ ದೂರುಗಳಿಗೆ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ. ಕ್ರ್ಯಾಕ್ ಆಟ ಹಾಕಿಕೊಂಡದ್ದನ್ನು ಹೇಳಲು ನಾಚಿ ಹುಡುಗರು ಎರಡು ಮೂರು ದಿನ ಸುಮ್ಮನಿರುತ್ತಾರೆ. ಹಣವನ್ನು ಖಾತೆಯಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚಿರುವುದು ಮೊದಲ ಕೆಲವು ಗಂಟೆಗಳಲ್ಲಿ, ಆದ್ದರಿಂದ ಮನೆಯವರು ಬೈಗುಳವನ್ನು ಆಮೇಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಬದಲಿಗೆ ಏನು ಆಡಬಹುದು

ದುಡ್ಡು ಕೊಡುವ ಸ್ಥಿತಿಯೇ ಇಲ್ಲ ಎನ್ನುವವರಿಗೆ ಅನ್‌ಟರ್ನ್ಡ್ ಅನ್ನು ನಾನು ಮೊದಲು ಹೆಸರಿಸುತ್ತೇನೆ. ಕೆನಡಾದ ನೆಲ್ಸನ್ ಸೆಕ್ಸ್‌ಟನ್ ಹದಿಹರೆಯದಲ್ಲಿ ಬರೆಯಲು ಶುರುಮಾಡಿದ ಈ ಆಟ 2014ರಿಂದ ಸ್ಟೀಮ್‌ನಲ್ಲಿ ಉಚಿತ. ಝಾಂಬಿಗಳ ನಡುವೆ ಹಸಿವು, ಬಾಯಾರಿಕೆ ನೋಡಿಕೊಂಡು ನೆಲೆ ಕಟ್ಟುವ, ಬೇರೆ ಆಟಗಾರರೊಡನೆ ಕಾದುವ ಎಲ್ಲವೂ ಇದರಲ್ಲಿವೆ, ಚಿತ್ರಣ ಸರಳವಾದ್ದರಿಂದ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿಯೂ ಓಡುತ್ತದೆ. ಮಕ್ ಕೂಡ ಉಚಿತ, ಗೆಳೆಯರೊಡನೆ ಒಂದು ಸಂಜೆ ಕಳೆಯಲು ಸಾಕು. 2024ರಲ್ಲಿ ಬಂದ ಒನ್ಸ್ ಹ್ಯೂಮನ್ ಉಚಿತವಾದರೂ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ಒಳಗೆ ಖರೀದಿಯ ಆಮಿಷಗಳೂ ಇವೆ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಅಧಿಕೃತ ಡೆಮೊ ಸುಮಾರು 100 ನಿಮಿಷ ಆಡಲು ಸಿಗುತ್ತದೆ. ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಅಷ್ಟು ಹೊತ್ತು ಧಾರಾಳ.

ಸ್ವಲ್ಪ ಹಣ ಹೊಂದಿಸಬಲ್ಲವರು ಪಟ್ಟಿಯ ಬೆಲೆಗೆ ಕೊಳ್ಳಲು ಆತುರಪಡಬೇಕಿಲ್ಲ. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲಿದೆ, ಯುಪಿಐ ಮೂಲಕ ಕಟ್ಟಬಹುದು. ಬೇಕಾದ ಆಟವನ್ನು ವಿಶ್‌ಲಿಸ್ಟ್‌ಗೆ ಸೇರಿಸಿಟ್ಟರೆ ರಿಯಾಯಿತಿ ಬಂದಾಗ ಇಮೇಲ್ ಬರುತ್ತದೆ. ಜೂನ್ ಕೊನೆಯ ಮತ್ತು ಡಿಸೆಂಬರ್ ಕೊನೆಯ ದೊಡ್ಡ ಮಾರಾಟಗಳಿಗೆ ಕಾಯುವುದು ಬುದ್ಧಿವಂತಿಕೆ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸುತ್ತಾರೆ. ರಸ್ಟ್ ಕೊಳ್ಳುವವರು ಒಂದನ್ನು ನೆನಪಿಡಬೇಕು: ಸರ್ವರ್ ಸೇರಲು ಕಾಯುವ ಸಮಯವೂ ಆ ಎರಡು ಗಂಟೆಯಲ್ಲಿ ಸೇರುತ್ತದೆ, ಆದ್ದರಿಂದ ನಿಮ್ಮ ಯಂತ್ರಕ್ಕೆ ಆಟ ಭಾರವಾಗುತ್ತದೆಯೇ ಎಂಬುದನ್ನು ಮೊದಲ ಅರ್ಧ ಗಂಟೆಯಲ್ಲೇ ನೋಡಿಕೊಳ್ಳಿ. ಸ್ಟೀಮ್‌ನಂಥದೇ ಅಂಗಡಿಯಾದ ಎಪಿಕ್ ಸ್ಟೋರ್ ವಾರಕ್ಕೊಮ್ಮೆ ಗುರುವಾರ ರಾತ್ರಿ ಉಚಿತ ಆಟ ಕೊಡುತ್ತದೆ. ಸಬ್‌ನಾಟಿಕಾ 2018ರಲ್ಲಿ, ಆರ್ಕ್ 2020ರಲ್ಲಿ ಹಾಗೆಯೇ ಸಿಕ್ಕಿದ್ದವು. ಒಂದೇ ಮನೆಯಲ್ಲಿರುವ ಆರು ಜನರವರೆಗೆ ಆಟಗಳನ್ನು ಹಂಚಿಕೊಳ್ಳಲು ಸ್ಟೀಮ್ ಫ್ಯಾಮಿಲೀಸ್ ಇದೆ, ಆದರೆ ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರೇ ಆಡಬಹುದು. ನಿಮ್ಮ ಪ್ರತಿಯಲ್ಲಿ ತಮ್ಮ ಮೋಸ ಮಾಡಿ ಸಿಕ್ಕಿಬಿದ್ದರೆ ಆ ಆಟದಲ್ಲಿ ನಿಷೇಧ ನಿಮಗೂ ತಗಲುತ್ತದೆ. ಅಧಿಕೃತ ಅಂಗಡಿಗಳ ಹೊರಗೆ ನಂಬಲಾರದಷ್ಟು ಅಗ್ಗಕ್ಕೆ ಸಿಗುವ ಕೀಗಳಿಂದ (ಆಟವನ್ನು ಖಾತೆಗೆ ಸೇರಿಸುವ ಸಂಕೇತಗಳಿಂದ) ದೂರವಿರಿ. ಕದ್ದ ಕಾರ್ಡಿನಿಂದ ಕೊಂಡ ಕೀ ಎಂದು ಗೊತ್ತಾದ ದಿನ ಅದು ರದ್ದಾಗುತ್ತದೆ.

ಅಧಿಕೃತ ಅಂಗಡಿಯಲ್ಲಿಯೂ ಕಣ್ಣು ತೆರೆದಿರಬೇಕು. 2025ರ ಫೆಬ್ರವರಿಯಲ್ಲಿ ಸ್ಟೀಮ್‌ಗೆ ಬಂದ ಪೈರೇಟ್‌ಫೈ ಎಂಬ ಉಚಿತ ಸರ್ವೈವಲ್ ಆಟದಲ್ಲಿ ವಿಡಾರ್ ಅಡಗಿತ್ತು. ವಾಲ್ವ್ ಕೆಲವೇ ದಿನಗಳಲ್ಲಿ ಅದನ್ನು ತೆಗೆದುಹಾಕಿ, ಆಡಿದವರಿಗೆ ಎಚ್ಚರಿಕೆಯ ಸಂದೇಶ ಕಳುಹಿಸಿತು. ಟೊರೆಂಟ್‌ನಿಂದ ಇಳಿಸಿದವರಿಗೆ ಅಂಥ ಸಂದೇಶ ಯಾರೂ ಕಳುಹಿಸುವುದಿಲ್ಲ. ನಿನ್ನೆ ಮೊನ್ನೆ ಬಂದ, ವಿಮರ್ಶೆಗಳೇ ಇಲ್ಲದ ಆಟವನ್ನು ಹಾಕಿಕೊಳ್ಳುವ ಮೊದಲು ಕೆಲವು ವಾರ ಕಾಯಿರಿ.

ಗೆಳೆಯರ ಗುಂಪಿಗೆ ಒಂದೇ ಒಂದು ಆಟ ಕೊಳ್ಳುವುದಾದರೆ ವಾಲ್‌ಹೈಮ್ ಕೊಳ್ಳಿ ಎನ್ನುತ್ತೇನೆ. ಸ್ವೀಡನ್ನಿನ ಐರನ್ ಗೇಟ್‌ನ ಐವರು ಸೇರಿ ಮಾಡಿ 2021ರ ಫೆಬ್ರವರಿಯಲ್ಲಿ ಬಿಟ್ಟ ಈ ಆಟ ಆಗ ಸುಮಾರು ಒಂದು ಜಿಬಿಯಷ್ಟೇ ಇತ್ತು. ಹತ್ತು ಜನರವರೆಗೆ ಒಂದೇ ಜಗತ್ತಿನಲ್ಲಿ ಆಡಬಹುದು, ಒಬ್ಬರ ಕಂಪ್ಯೂಟರೇ ಸರ್ವರ್ ಆಗುತ್ತದೆ, ಕಟ್ಟಿದ ಮನೆಯನ್ನು ಯಾವ ಅಪರಿಚಿತನೂ ಬಂದು ಕೆಡವುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದು ಹಳೆಯ ಲ್ಯಾಪ್‌ಟಾಪ್‌ಗಳಿದ್ದರೆ ಲುವಾಂಟಿ ಸಾಕು. 2024ರ ಅಕ್ಟೋಬರ್‌ವರೆಗೆ ಮೈನ್‌ಟೆಸ್ಟ್ ಎಂಬ ಹೆಸರಿದ್ದ ಇದು ಮುಕ್ತ ತಂತ್ರಾಂಶ, ನಕಲು ಮಾಡಿ ಹಂಚಲು ಅದರ ಪರವಾನಗಿಯೇ ಅನುಮತಿಸುತ್ತದೆ. ಅಧಿಕೃತ ತಾಣದಿಂದ ಇಳಿಸಿಕೊಂಡು, ಅದರೊಳಗಿನ ಕಂಟೆಂಟ್ ಪಟ್ಟಿಯಿಂದ ವಾಕ್ಸೆಲಿಬ್ರೆಯನ್ನು ಆರಿಸಿಕೊಂಡರೆ ಮೈನ್‌ಕ್ರಾಫ್ಟ್‌ನಂಥದೇ ಜಗತ್ತು ತೆರೆದುಕೊಳ್ಳುತ್ತದೆ. ಎರಡೂ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆವೃತ್ತಿ ಇರಲಿ, ಎರಡೂ ಮನೆಯ ಒಂದೇ ವೈಫೈಗೆ ಸೇರಿರಲಿ. ಒಂದರಲ್ಲಿ ಹೊಸ ಜಗತ್ತು ತೆರೆಯುವಾಗ ಹೋಸ್ಟ್ ಸರ್ವರ್ ಎಂಬುದನ್ನು ಗುರುತು ಹಾಕಿ, ಇನ್ನೊಂದರಲ್ಲಿ ಜಾಯಿನ್ ಗೇಮ್ ಒತ್ತಿ ಮೊದಲನೆಯದರ ಐಪಿ ವಿಳಾಸವನ್ನೂ 30000 ಎಂಬ ಪೋರ್ಟ್ ಸಂಖ್ಯೆಯನ್ನೂ ಬರೆಯಿರಿ. ಆಟ ಶುರುವಾದ ಮೇಲೆ ಇಂಟರ್ನೆಟ್ ನಿಂತುಹೋದರೂ ಅಣ್ಣ ತಂಗಿಯರ ಆಟ ನಿಲ್ಲುವುದಿಲ್ಲ.